ಹಿತ್ತಲಲ್ಲಿ ಸೌದೆ ಓವನ್: ಇಟ್ಟಿಗೆ ತರಿಸುವ ಮೊದಲು ನಕ್ಷೆ ಬರೆಯಿರಿ

ಗುಮ್ಮಟದಾಕಾರದ ಸೌದೆ ಓವನ್ ಈಗ ಪಿಜ್ಜಾ ಅಂಗಡಿಗಳ ಸೊತ್ತಾಗಿ ಉಳಿದಿಲ್ಲ. ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳ ಅಂಗಳದಲ್ಲಿ, ಬೆಂಗಳೂರಿನ ಅಂಚಿನ ತೋಟದ ಮನೆಗಳಲ್ಲಿ, ಮನೆಯಲ್ಲೇ ಬ್ರೆಡ್ ಮಾಡುವವರ ಹಿತ್ತಲಲ್ಲಿ ಅದು ಕಾಣಿಸಿಕೊಳ್ಳುತ್ತಿದೆ. ಕಟ್ಟುವುದು ಹೇಗೆಂದು ತೋರಿಸುವ ವಿಡಿಯೊಗಳಿಗಂತೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಆಸ್ಟ್ರೇಲಿಯಾಗಳ ವಿಶಾಲವಾದ ಹಿತ್ತಲುಗಳಲ್ಲಿ ತೆಗೆದಂಥವು. ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿ, ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿ, ಕಾಲಡಿಯ ನೀರಿನ ಸಂಪು, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ ಇವು ಯಾವುವೂ ಅಲ್ಲಿ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ಕೆಲಸ ಇಟ್ಟಿಗೆಯಿಂದ ಶುರುವಾಗುತ್ತದೆ, ಪ್ರಶ್ನೆಗಳು ಮೊದಲ ಹೊಗೆ ಎದ್ದ ಮೇಲೆ ಹುಟ್ಟುತ್ತವೆ. ಅನುಮತಿ ಎಂದೊಡನೆ ಕಚೇರಿ, ಕಾಗದ, ಓಡಾಟ ಎಂದು ಅದನ್ನು ಬದಿಗೆ ಸರಿಸುವುದೂ ರೂಢಿ. ಆದರೆ ನಕ್ಷೆ ಮಂಜೂರು ಮಾಡುವವರು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಎಲ್ಲಿ ಕಟ್ಟುತ್ತೀರಿ, ಎಷ್ಟು ಭಾರ, ಗಡಿಯಿಂದ ಎಷ್ಟು ದೂರ, ಹೊಗೆ ಎತ್ತ ಹೋಗುತ್ತದೆ? ಚೆನ್ನಾಗಿ ಕಾಯುವ, ಬಿರುಕು ಬಿಡದ, ಹೊಗೆ ಉಗುಳದ ಓವನ್ ಕಟ್ಟುವ ಮೇಸ್ತ್ರಿ ಕೇಳಬೇಕಾದವೂ ಇವೇ ನಾಲ್ಕು. ಕಾನೂನಿಗೆಂದು ಬರೆದ ಉತ್ತರ ಓವನ್ನಿಗೂ ಒದಗುತ್ತದೆ ಎಂಬ ಕಾರಣಕ್ಕೇ ಈ ಕೆಲಸ ನಕ್ಷೆಯಿಂದ ಶುರುವಾಗಬೇಕು.

ಕಾನೂನಿಗೆ ಅದು ಕಟ್ಟಡವೇ?

ಓವನ್ ಎಂದರೆ ದೊಡ್ಡದೊಂದು ಒಲೆ, ಅದಕ್ಕೂ ಕಟ್ಟಡದ ನಿಯಮಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕಟ್ಟಡ ಎಂಬುದಕ್ಕೆ ಕಾನೂನು ಕೊಡುವ ಅರ್ಥ ನಾವು ಊಹಿಸುವುದಕ್ಕಿಂತ ಅಗಲವಾದದ್ದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ವ್ಯಾಖ್ಯೆಯಲ್ಲಿ ಜನ ವಾಸಿಸುವ ಮನೆಯಷ್ಟೇ ಅಲ್ಲ, ಯಾವುದೇ ಉದ್ದೇಶಕ್ಕೆ, ಯಾವುದೇ ವಸ್ತುವಿನಿಂದ ಕಟ್ಟಿದ ರಚನೆಯೂ ಸೇರುತ್ತದೆ. ತಳಪಾಯ, ಗೋಡೆ, ಚಿಮಣಿ, ಸ್ಥಿರವಾದ ಜಗಲಿಯನ್ನೂ ಅದು ಹೆಸರಿಸುತ್ತದೆ. ಈ ಸಂಹಿತೆ ತಾನೇ ಕಾನೂನಲ್ಲ, ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ತಮ್ಮ ಬೈಲಾಗಳ ಮೂಲಕ ಅಳವಡಿಸಿಕೊಳ್ಳುವ ಮಾದರಿ. ಆದರೂ ಅಡಿಪಾಯ ತೋಡಿ, ಕಾಂಕ್ರೀಟ್ ಹಾಸಿ, ಇಟ್ಟಿಗೆಯ ಕಟ್ಟೆಯ ಮೇಲೆ ಚಿಮಣಿ ಸಮೇತ ನಿಲ್ಲಿಸಿದ ಓವನ್ನನ್ನು ಕಟ್ಟಡವಲ್ಲ ಎಂದು ವಾದಿಸುವುದು ಕಷ್ಟ. ಅದರ ಮೇಲೊಂದು ಚಾವಣಿ ಬಂದರಂತೂ ವಾದಕ್ಕೆ ಎಡೆಯೇ ಉಳಿಯುವುದಿಲ್ಲ. ಚಕ್ರವಿರುವ ಸ್ಟ್ಯಾಂಡಿನ ಮೇಲಿನ ಉಕ್ಕಿನ ಓವನ್ ಬೇರೆ ಮಾತು. ಅದು ಸಾಮಾನು, ರಚನೆಯಲ್ಲ. ಆದರೆ ಬೆಂಕಿ ಮತ್ತು ಹೊಗೆಗೆ ಸಂಬಂಧಿಸಿದ ಹೊಣೆಯಿಂದ ಅದಕ್ಕೂ ವಿನಾಯಿತಿ ಇಲ್ಲ.

ಯಾರನ್ನು ಕೇಳಬೇಕು ಎಂಬುದು ಊರಿನ ಮೇಲೆ ನಿಂತಿದೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರಪಾಲಿಕೆಗಳಿಗೆ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ, ಪುರಸಭೆ ಮತ್ತು ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯಿಸುತ್ತವೆ. ಯಾವ ವಲಯದಲ್ಲಿ ಎಷ್ಟು ಜಾಗ ಬಿಡಬೇಕು ಎಂಬುದನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ರೂಪುಗೊಂಡ ಮಹಾಯೋಜನೆಯ ವಲಯ ನಿಯಮಗಳು ಹೇಳುತ್ತವೆ. ಬೆಂಗಳೂರಿನವರು ಒಂದು ಬದಲಾವಣೆಯನ್ನು ಗಮನಿಸಬೇಕು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರಪಾಲಿಕೆಗಳೂ ಬಂದಿವೆ. ಹಳೆಯ ವಾರ್ಡ್ ಕಚೇರಿಯ ವಿಳಾಸ ನೆಚ್ಚಿಕೊಳ್ಳುವ ಮೊದಲು ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಕಚೇರಿಗಿಂತ ಮೊದಲು ಸಂಘ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಾಯಿತವಾದ ಸಮುಚ್ಚಯಗಳಲ್ಲಿ ತಾರಸಿ, ಉದ್ಯಾನಗಳು ಸಾಮಾನ್ಯವಾಗಿ ಎಲ್ಲರ ಸೊತ್ತು. ಒಬ್ಬರ ಇಷ್ಟಕ್ಕೆ ಅಲ್ಲೊಂದು ಕಟ್ಟೆ ಎಬ್ಬಿಸುವಂತಿಲ್ಲ.

ಅಳತೆ ಪಟ್ಟಿ ಹೇಳುವ ತೀರ್ಪು

ಈ ಹಂತದಲ್ಲಿ ಕಾಯ್ದೆಯ ಪುಸ್ತಕ ಮುಚ್ಚಿ ಅಳತೆ ಪಟ್ಟಿ ಹಿಡಿಯುವುದು ಒಳ್ಳೆಯದು. ಮನೆ ಮಂದಿಗೂ ನಾಲ್ಕು ಅತಿಥಿಗಳಿಗೂ ಸಾಕಾಗುವ ಓವನ್ನಿನ ಒಳವ್ಯಾಸ ಸುಮಾರು 90 ಸೆಂಟಿಮೀಟರ್. ಎರಡೂ ಬದಿಗೆ ತಲಾ 11ರಿಂದ 12 ಸೆಂ.ಮೀ. ದಪ್ಪದ ಬೆಂಕಿ ಇಟ್ಟಿಗೆ, ಅದರ ಹೊರಗೆ ಸುಮಾರು 8 ಸೆಂ.ಮೀ. ಶಾಖ ತಡೆಯುವ ಹೊದಿಕೆ, ಅದರ ಮೇಲೆ ಗಾರೆ ಸೇರಿದರೆ ಹೊರ ಅಗಲ ಹತ್ತಿರ ಹತ್ತಿರ 135 ಸೆಂ.ಮೀ. ಆಗುತ್ತದೆ. ಮುಂದಿನ ಕಮಾನು ಮತ್ತು ಚಿಮಣಿಯ ಜಾಗ ಕೂಡಿಸಿದರೆ ಉದ್ದ 165 ಸೆಂ.ಮೀ. ಮೀರುತ್ತದೆ. ಇನ್ನು ಉದ್ದ ಹಿಡಿಯ ಸಲಿಕೆ ಹಿಡಿದು ಬಾಯಿಯ ಮುಂದೆ ನಿಂತು ಕೆಲಸ ಮಾಡಲು ಒಂದೂವರೆ ಮೀಟರ್ ಬಯಲು ಬೇಕೇ ಬೇಕು. ಅಂದರೆ ಸುಮಾರು ಒಂದೂವರೆ ಮೀಟರ್ ಅಗಲ, ಮೂರು ಮೀಟರಿಗೂ ಮಿಕ್ಕಿದ ಉದ್ದದ ಜಾಗ. 30x40 ಅಡಿಯ ನಿವೇಶನದಲ್ಲಿ ಮನೆಯ ಸುತ್ತ ಬಿಡುವ ಸೆಟ್‌ಬ್ಯಾಕ್ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನದು. ಕಾನೂನಿನ ಮಾತು ಬಿಟ್ಟರೂ ಅಲ್ಲಿ ಓವನ್ ಹಿಡಿಸುವುದಿಲ್ಲ. ಹಿಡಿಸಿದರೂ ಅಲ್ಲಿ ಕಟ್ಟಬಾರದು. ಸೆಟ್‌ಬ್ಯಾಕ್ ಇರುವುದೇ ಗಾಳಿ, ಬೆಳಕು ಹಾಯಲು, ಬೆಂಕಿ ಬಿದ್ದಾಗ ಒಂದು ಮನೆಯಿಂದ ಇನ್ನೊಂದಕ್ಕೆ ಹಬ್ಬದಿರಲು, ಅಗ್ನಿಶಾಮಕ ಸಿಬ್ಬಂದಿ ಒಳಬರಲು. ಬೆಂಕಿಯನ್ನು ತಡೆಯಲೆಂದು ಬಿಟ್ಟ ಜಾಗದಲ್ಲೇ ಬೆಂಕಿಯ ಗೂಡು ಕಟ್ಟುವುದು ಆ ನಿಯಮದ ಉದ್ದೇಶವನ್ನೇ ತಲೆಕೆಳಗು ಮಾಡುತ್ತದೆ. 40x60 ಅಥವಾ ಅದಕ್ಕಿಂತ ದೊಡ್ಡ ನಿವೇಶನ, ಹಳ್ಳಿಯ ಹಿತ್ತಲು, ತೋಟದ ಮನೆ, ಇಂಥ ಕಡೆ ಮಾತ್ರ ಸ್ಥಿರ ಓವನ್ನಿನ ಯೋಚನೆಗೆ ಅರ್ಥವಿದೆ. ಅಲ್ಲೂ ಕಡ್ಡಾಯ ಸೆಟ್‌ಬ್ಯಾಕಿನ ಗೆರೆ ದಾಟದೆ ಒಳಗೇ ಜಾಗ ಹುಡುಕಬೇಕು.

ನೆಲದಲ್ಲಿ ಜಾಗವಿಲ್ಲದಿದ್ದರೆ ತಾರಸಿ ಇದೆಯಲ್ಲ ಎಂಬುದು ಮುಂದಿನ ಮಾತು. ಇದಕ್ಕೆ ಉತ್ತರ ಸರಳ ಗಣಿತದಲ್ಲಿದೆ. 90 ಸೆಂ.ಮೀ. ಓವನ್ನಿನ ಇಟ್ಟಿಗೆಯ ಗುಮ್ಮಟ ಮತ್ತು ನೆಲಹಾಸೇ 500 ಕಿಲೋ ಮುಟ್ಟುತ್ತವೆ. ಹೊದಿಕೆ, ಗಾರೆ, ಚಿಮಣಿ ಸೇರಿ 650 ಕಿಲೋ. ಕೆಳಗಿನ 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಲಗೆ ಮತ್ತೆ 500 ಕಿಲೋ. ಒಟ್ಟು ಸುಮಾರು 1,150 ಕಿಲೋ ಭಾರ ಎರಡು ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚಿನ ಜಾಗದ ಮೇಲೆ ಕೂರುತ್ತದೆ. ಚದರ ಮೀಟರಿಗೆ ಲೆಕ್ಕ ಹಾಕಿದರೆ 550 ಕಿಲೋ ದಾಟುತ್ತದೆ. ಇಟ್ಟಿಗೆಯ ಕಟ್ಟೆಯನ್ನು ಇದರಲ್ಲಿ ಸೇರಿಸಿಲ್ಲ. ಕಟ್ಟಡಗಳ ಮೇಲಿನ ಭಾರ ನಿಗದಿಪಡಿಸುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಜನ ಓಡಾಡುವ ಸಮತಟ್ಟು ತಾರಸಿಯನ್ನು ವಿನ್ಯಾಸ ಮಾಡುವುದು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಚಲಭಾರಕ್ಕೆ. ಓವನ್ ಅದರ ಮೂರೂವರೆ ಪಟ್ಟು. ಹತ್ತು ಜನ ತಾರಸಿಯಲ್ಲಿ ನಿಂತರೂ ಏನೂ ಆಗುವುದಿಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಜನ ಬಂದು ಹೋಗುತ್ತಾರೆ, ಓವನ್ ಅದೇ ಜಾಗದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ತೊಲೆ, ಕಂಬಗಳ ಲೆಕ್ಕ ನೋಡಿ ರಚನಾ ಎಂಜಿನಿಯರ್ ಬರವಣಿಗೆಯಲ್ಲಿ ಒಪ್ಪದ ಹೊರತು ತಾರಸಿಯ ಮೇಲೆ ಇಟ್ಟಿಗೆಯ ಓವನ್ ಬೇಡ.

ನೆಲದ ಮೇಲೆ ಕಟ್ಟುವಾಗಲೂ ಕಾಲಡಿ ಏನಿದೆ ಎಂದು ತಿಳಿಯದೆ ಗುದ್ದಲಿ ಹಾಕಬಾರದು. ನಮ್ಮ ಮನೆಗಳ ಹಿತ್ತಲಲ್ಲಿ ಸಂಪು, ಶೌಚಗುಂಡಿ, ಒಳಚರಂಡಿಯ ಚೇಂಬರು, ಕೊಳವೆಬಾವಿಯ ಪೈಪು ಹುದುಗಿರುವುದು ಸಾಮಾನ್ಯ. ಕಟ್ಟೆ ಸಮೇತ ಎರಡೂವರೆ ಟನ್ ತೂಗುವ ಓವನ್ನನ್ನು ಸಂಪಿನ ಮುಚ್ಚಳದ ಸ್ಲ್ಯಾಬಿನ ಮೇಲೋ ಶೌಚಗುಂಡಿಯ ಅಂಚಿನಲ್ಲೋ ಇಡುವುದು ಅಪಾಯ. ಮೇಲೆಯೂ ನೋಡಬೇಕು. ಕಟ್ಟಡ ಮತ್ತು ವಿದ್ಯುತ್ ತಂತಿಯ ನಡುವೆ ಇರಬೇಕಾದ ಅಂತರ ಸುರಕ್ಷತಾ ನಿಯಮಗಳಲ್ಲಿ ನಿಗದಿಯಾಗಿದೆ. 11 ಕೆವಿ ತಂತಿಗೆ ಅಡ್ಡವಾಗಿ ಕನಿಷ್ಠ 1.2 ಮೀಟರ್, ಅದು ಮೇಲೆ ಹಾದುಹೋಗುತ್ತಿದ್ದರೆ 3.7 ಮೀಟರ್ ಬೇಕು. ಇದು ಕನಿಷ್ಠ ಮಿತಿ. ಬಿಸಿ ಹೊಗೆ ಮತ್ತು ಕಿಡಿ ಕಾರುವ ಚಿಮಣಿಯನ್ನು ತಂತಿಯ ಕೆಳಗೆ ಇಡದಿರುವುದೇ ಜಾಣತನ. ಅಗ್ನಿ ಮೂಲೆಯೆಂದು ಆಗ್ನೇಯದಲ್ಲೇ ಕಟ್ಟಬೇಕೆನ್ನುವವರು ಅನೇಕರಿದ್ದಾರೆ. ಆ ಮೂಲೆ ಅಂತರ, ಭಾರ, ಗಾಳಿಯ ಲೆಕ್ಕಕ್ಕೆ ಹೊಂದಿದರೆ ತಕರಾರಿಲ್ಲ. ಹೊಂದದಿದ್ದರೆ ಪಕ್ಕದವರ ಕಿಟಕಿಯ ಮಾತು ಮೂಲೆಯ ಮಾತಿಗಿಂತ ದೊಡ್ಡದು.

ಹೊಗೆಗೆ ಗಡಿಗೋಡೆ ಇಲ್ಲ

ಇಲ್ಲಿಯವರೆಗಿನ ಲೆಕ್ಕವೆಲ್ಲ ನಿಮ್ಮ ನಿವೇಶನದ ಒಳಗಿನದು. ಹೊಗೆ ಮಾತ್ರ ನೆರೆಯವರ ಹಕ್ಕನ್ನು ಮುಟ್ಟುತ್ತದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಏಳನೇ ಕಲಂ ಪ್ರತಿಯೊಬ್ಬ ಭೂಮಾಲೀಕನ ಸಹಜ ಹಕ್ಕುಗಳಿಗೆ ಉದಾಹರಣೆ ಕೊಡುವಾಗ, ತನ್ನ ಜಮೀನಿಗೆ ಹಾಯುವ ಗಾಳಿಯನ್ನು ಬೇರೆಯವರು ಅತಿಯಾಗಿ ಕೆಡಿಸಬಾರದು ಎಂಬುದನ್ನೂ ಹೇಳಿದೆ. ಸಾರ್ವಜನಿಕರಿಗೆ ಕಿರುಕುಳವಾದರೆ ಅದನ್ನು ನಿವಾರಿಸುವಂತೆ ಆದೇಶ ಕೊಡುವ ಅಧಿಕಾರ ಕಾರ್ಯಪಾಲಕ ದಂಡಾಧಿಕಾರಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಬೆಂಕಿಯ ವಿಷಯದಲ್ಲಿ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಆರು ತಿಂಗಳವರೆಗಿನ ಸೆರೆಯ ಮಾತಾಡುತ್ತದೆ. ವಾರಕ್ಕೊಮ್ಮೆ ಉರಿಸುವ ಓವನ್ನಿಗಾಗಿ ಯಾರೂ ನ್ಯಾಯಾಲಯದವರೆಗೆ ಹೋಗಲಿಕ್ಕಿಲ್ಲ. ಆದರೆ ಮಂಜೂರಾದ ನಕ್ಷೆ ನೆರೆಯವರ ಈ ಹಕ್ಕನ್ನು ಅಳಿಸುವುದಿಲ್ಲ ಎಂಬುದು ನೆನಪಿರಲಿ. ಅನುಮತಿ ಕಟ್ಟಲು ಸಿಗುತ್ತದೆ, ಹೊಗೆ ಬಿಡಲು ಅಲ್ಲ.

ಆದ್ದರಿಂದ ಹೊಗೆಯ ಉತ್ತರವನ್ನು ನಕ್ಷೆಯಲ್ಲೇ ಕೊಡಬೇಕು. ಓವನ್ ಅತಿ ಹೆಚ್ಚು ಹೊಗೆಯುಗುಳುವುದು ಹೊತ್ತಿಸಿದ ಮೊದಲ ಅರ್ಧ ಗಂಟೆ, ಗುಮ್ಮಟ ತಣ್ಣಗಿರುವಾಗ. ಇಟ್ಟಿಗೆ ಕಾದು ಒಳಗಿನ ಮಸಿ ಸುಟ್ಟು ಬಿಳುಪಾದ ಮೇಲೆ ಉರಿ ಸ್ವಚ್ಛವಾಗುತ್ತದೆ. ಒಣ ಸೌದೆಯಿದ್ದರೆ ಈ ಅವಧಿ ಚಿಕ್ಕದಾಗುತ್ತದೆ, ಹಸಿ ಸೌದೆಯಾದರೆ ಮುಗಿಯುವುದೇ ಇಲ್ಲ. ಚಿಮಣಿ ಗುಮ್ಮಟದ ನೆತ್ತಿಯಲ್ಲಲ್ಲ, ಬಾಯಿಯ ಹೊರಗೆ ಮುಂಗಮಾನಿನ ಮೇಲಿರಬೇಕು, ಇಲ್ಲವಾದರೆ ಶಾಖವೂ ಹೊಗೆಯ ಜೊತೆ ಹಾರಿಹೋಗುತ್ತದೆ. ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಸುಮಾರು 63 ಪ್ರತಿಶತ ಇರಬೇಕೆಂಬುದು ಓವನ್ ಕಟ್ಟುವವರ ಹಳೆಯ ಲೆಕ್ಕ: 45 ಸೆಂ.ಮೀ. ಗುಮ್ಮಟಕ್ಕೆ 28 ಸೆಂ.ಮೀ. ಬಾಯಿ. ಬಾಯಿ ಇದಕ್ಕಿಂತ ಎತ್ತರವಾದರೆ ಶಾಖ ಸೋರುತ್ತದೆ, ತೀರಾ ಕುಳ್ಳಾದರೆ ಗಾಳಿಯಾಡದೆ ಉರಿ ಉಸಿರುಗಟ್ಟಿ ಹೊಗೆ ಹೆಚ್ಚುತ್ತದೆ. 90 ಸೆಂ.ಮೀ. ಓವನ್ನಿಗೆ 15ರಿಂದ 20 ಸೆಂ.ಮೀ. ವ್ಯಾಸದ ಹೊಗೆಗೊಳವೆ ಸಾಕು. ಅದರ ಎತ್ತರಕ್ಕೆ ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಒಂದು ಸೂತ್ರ ಇಲ್ಲಿಯೂ ಉಪಯುಕ್ತ. ಚಿಮಣಿಯ ತುದಿ ಸುತ್ತಲಿನ ಮೂರು ಮೀಟರಿನೊಳಗೆ ಬರುವ ಯಾವುದೇ ಕಟ್ಟಡದ ಭಾಗಕ್ಕಿಂತ 60 ಸೆಂ.ಮೀ. ಮೇಲಿರಬೇಕು. ಎರಡಂತಸ್ತಿನ ಮನೆಗಳ ನಡುವೆ ಇದು ಸಾಧ್ಯವಾಗದು ಎಂದಾದರೆ, ಜಾಗ ಸರಿಯಿಲ್ಲ ಎಂದೇ ಅರ್ಥ. ತುದಿಗೆ ಸುಮಾರು 12 ಮಿ.ಮೀ. ಕಣ್ಣಿನ ಉಕ್ಕಿನ ಜಾಲರಿ ಹಾಕಿದರೆ ಕಿಡಿ ಹಾರುವುದು ತಪ್ಪುತ್ತದೆ.

ಗಾಳಿಯ ದಿಕ್ಕನ್ನೂ ಕಾಲಕ್ಕೆ ತಕ್ಕಂತೆ ನೋಡಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸಿದರೆ ಹಿಂಗಾರು ಮತ್ತು ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಓವನ್ ಹೆಚ್ಚು ಬಳಕೆಯಾಗುವುದು ಮಳೆ ನಿಂತ ಮೇಲೆಯೇ ಆದ್ದರಿಂದ ಹೊಗೆಯನ್ನು ಅಳೆಯಬೇಕಾದದ್ದು ಆ ಕಾಲದ ಗಾಳಿಯಿಂದ. ಅದರ ಮೇಲೆ ಚಳಿಗಾಲದ ಸಂಜೆ ನೆಲ ಬೇಗ ತಣಿದು, ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತು, ಹೊಗೆ ಮೇಲೇರದೆ ಬೀದಿಯಲ್ಲೇ ಹರಡುತ್ತದೆ. ಓವನ್ ಹೊತ್ತಿಸಲು ಆಗ ಮಧ್ಯಾಹ್ನವೇ ಮೇಲು. ಎರಡು ಗಂಟೆಯಲ್ಲಿ ಕಾದ ಗುಮ್ಮಟ ಸಂಜೆಗೆ ಹೊಗೆಯಿಲ್ಲದ ಕೆಂಡದ ಶಾಖದಲ್ಲಿ ಅಡುಗೆ ಮುಗಿಸುತ್ತದೆ. ಕಾಗದದ ಡಬ್ಬ, ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಅಂಟಿನ ಪ್ಲೈವುಡ್ ಒಳಹೋಗಲೇಕೂಡದು. ಅವು ಆಹಾರವನ್ನೂ ಗಾಳಿಯನ್ನೂ ಒಟ್ಟಿಗೇ ಕೆಡಿಸುತ್ತವೆ. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ನಿಗದಿಪಡಿಸಿದೆ. ಓವನ್ ಕಸದ ಗೂಡಾಗದಿರಲಿ. ಸರ್ವೆ, ಹುಣಸೆ, ಜಾಲಿ, ಕಾಫಿ ಗಿಡದ ಸೌದೆಯನ್ನು ಸೀಳಿ ಆರು ತಿಂಗಳಾದರೂ ಮಳೆ ತಾಗದಂತೆ ಒಣಗಿಸಿದರೆ ತೇವಾಂಶ ಶೇಕಡ 20ಕ್ಕಿಂತ ಕೆಳಗಿಳಿಯುತ್ತದೆ. ಮನೆಯಂಗಳದ ಮರವನ್ನೇ ಕಡಿದು ಸೌದೆ ಮಾಡುವ ಯೋಚನೆ ಇದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ಮೊದಲು ವಿಚಾರಿಸಿ.

ಅಜ್ಜಿಯ ಕಾಲದ ಒಲೆಗೆ ಯಾವ ಅನುಮತಿ ಇತ್ತು?

ಇಷ್ಟೆಲ್ಲ ಓದಿದವರಿಗೆ ಒಂದು ಆಕ್ಷೇಪ ಹೊಳೆಯದೆ ಇರದು. ತಲೆತಲಾಂತರದಿಂದ ನಮ್ಮ ಮನೆಗಳಲ್ಲಿ ಸೌದೆ ಒಲೆ ಉರಿದಿದೆ, ಬಚ್ಚಲ ಹಂಡೆಯ ಕೆಳಗೆ ದಿನವೂ ಬೆಂಕಿ ಇತ್ತು, ಹಳೆಯ ಬೇಕರಿಗಳ ಭಟ್ಟಿಗಳೂ ಸೌದೆಯಲ್ಲೇ ಕಾದವು. ಆಗ ಯಾರು ನಕ್ಷೆ ಕೇಳಿದರು? ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಅರ್ಧ ಚಿತ್ರ. ಆ ಮನೆಗಳ ವಿನ್ಯಾಸದಲ್ಲೇ ಒಲೆಗೆ ಜಾಗವಿತ್ತು. ಅಡುಗೆಮನೆ ಹಿಂಬದಿಗೆ, ಬಚ್ಚಲು ಇನ್ನೂ ಹಿಂದಕ್ಕೆ, ಹೊಗೆ ಸೋರಿಹೋಗಲು ಹೆಂಚಿನ ಮಾಡು, ಮನೆಮನೆಗಳ ನಡುವೆ ಹಿತ್ತಲು. ಇಂದು ನಕ್ಷೆಯಲ್ಲಿ ಬರೆಯಬೇಕಾದ ಅಂತರವನ್ನು ಅಂದು ಊರಿನ ರೂಢಿ ಕಾಯುತ್ತಿತ್ತು. ಇನ್ನು ಆ ಹೊಗೆಯೂ ನಿರಪಾಯಕಾರಿಯಾಗಿರಲಿಲ್ಲ. ಅದನ್ನು ಒಲೆಯ ಮುಂದೆ ಕೂತ ಹೆಂಗಸರು ಕಣ್ಣು, ಶ್ವಾಸಕೋಶಗಳಲ್ಲಿ ಅನುಭವಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಗೆ ಚಿಮಣಿ ಬಂದದ್ದು, ಸೌದೆ ಉಳಿಸುವ ಅಳತೆಗಳು ಸಿಕ್ಕಿದ್ದು ಈ ಕಾರಣಕ್ಕೇ. ಗಾಳಿಯ ದಾರಿ, ಬಾಯಿಯ ಅಳತೆ, ಚಿಮಣಿಯ ಎತ್ತರ ಸರಿಯಿದ್ದರೆ ಅದೇ ಸೌದೆ ಕಡಿಮೆ ಹೊಗೆಯಲ್ಲಿ ಹೆಚ್ಚು ಶಾಖ ಕೊಡುತ್ತದೆ ಎಂದು ಕರ್ನಾಟಕದ ಹಳ್ಳಿಗಳೇ ಕಂಡುಕೊಂಡಿವೆ. ಪರಂಪರೆಯ ಮಾತೆತ್ತುವವರು ಈ ಪಾಠವನ್ನೂ ಪರಂಪರೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಎರಡನೆಯ ಆಕ್ಷೇಪ ವ್ಯಾವಹಾರಿಕವಾದದ್ದು: ಕೇಳಿದರೆ ಇಲ್ಲದ ತೊಂದರೆ ಮೈಮೇಲೆ ಎಳೆದುಕೊಂಡಂತೆ, ಸುಮ್ಮನೆ ಕಟ್ಟಿದರೆ ಯಾರೂ ನೋಡುವುದಿಲ್ಲ. ಕಚೇರಿಗಳ ಅನುಭವ ಇರುವವರ ಈ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಓವನ್ ಗುಟ್ಟಾಗಿ ಉಳಿಯುವ ವಸ್ತುವಲ್ಲ, ತನ್ನ ಇರವನ್ನು ಅದು ಹೊಗೆಯ ಮೂಲಕ ಬೀದಿಗೆಲ್ಲ ಸಾರುತ್ತದೆ. ತಕರಾರು ಕಚೇರಿಯಿಂದ ಹುಟ್ಟುವುದಿಲ್ಲ, ಪಕ್ಕದ ಮನೆಯಿಂದ ಹುಟ್ಟಿ ಕಚೇರಿಗೆ ತಲುಪುತ್ತದೆ. ಆಗ ಲಿಖಿತ ಒಪ್ಪಿಗೆ ಇಲ್ಲದ ರಚನೆ ದುರ್ಬಲ ಪಕ್ಷವಾಗುತ್ತದೆ, ತೆರವಿನ ನೋಟಿಸ್ ಬಂದರೆ ಖರ್ಚೆಲ್ಲ ಮಾಲೀಕನ ತಲೆಗೆ. ಮನೆ ಮಾರುವಾಗಲೋ ಅಡವಿಡುವಾಗಲೋ ಬ್ಯಾಂಕಿನ ಮೌಲ್ಯಮಾಪಕರು ಮಂಜೂರಾದ ನಕ್ಷೆಯನ್ನೂ ನಿಂತಿರುವ ಕಟ್ಟಡವನ್ನೂ ಹೋಲಿಸಿ ನೋಡುವುದುಂಟು. ತೊಂದರೆಯ ಅಂಜಿಕೆಗೆ ಪರಿಹಾರ ಮೌನವಲ್ಲ, ಬರವಣಿಗೆ. ಬಾಯಿಮಾತಲ್ಲಿ ಕೇಳಿ ಬಾಯಿಮಾತಿನ ಉತ್ತರ ಪಡೆದರೆ ಅದಕ್ಕೆ ಬೆಲೆಯಿಲ್ಲ. ಅಳತೆ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ನಿಮ್ಮ ಊರಿಗೆ ಅನ್ವಯಿಸುವ ಬೈಲಾದ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು.

ಮಣ್ಣು, ಮಳೆ, ಕಲ್ಲು

ಯೋಜನೆಯಲ್ಲಿ ಜಾಗದಷ್ಟೇ ಮುಖ್ಯವಾದದ್ದು ಊರಿನ ಮಣ್ಣು ಮತ್ತು ಮಳೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲಷ್ಟೇ ಹಾಸಿದ ತೆಳು ಕಾಂಕ್ರೀಟಿನ ಮೇಲೆ ಓವನ್ ಕಟ್ಟಿದರೆ ಒಂದೆರಡು ವರ್ಷದಲ್ಲಿ ಗುಮ್ಮಟ ಸೀಳುತ್ತದೆ. ಅಲ್ಲಿ ಮೇಲ್ಮಣ್ಣು ತೆಗೆದು ಮೊರಂ ತುಂಬಿಸಿ, ಸರಳು ಹಾಕಿದ ಹಾಸು ಎರೆಯುವುದು ಅಗತ್ಯ. ಮಲೆನಾಡು, ಕರಾವಳಿಯಲ್ಲಿ ಸಮಸ್ಯೆ ನೀರಿನದು. ಇಟ್ಟಿಗೆ ಹೀರಿಕೊಂಡ ನೀರು ಬೆಂಕಿ ತಗುಲಿದೊಡನೆ ಆವಿಯಾಗಿ ಹಿಗ್ಗಿ, ಗಾರೆಯನ್ನು ಸಿಡಿಸುತ್ತದೆ. ಆದ್ದರಿಂದ ಅಲ್ಲಿ ಓವನ್ನಿಗೆ ಚಾವಣಿ ಬೇಕು. ಚಾವಣಿ ಬಂದರೆ ಅದು ನಕ್ಷೆಯಲ್ಲಿ ಬರಬೇಕು, ಚಿಮಣಿ ಅದನ್ನು ದಾಟಿ ಮೇಲೇರಬೇಕು. ಸೋಗೆ, ಹುಲ್ಲು, ಪ್ಲಾಸ್ಟಿಕ್ ಹಾಳೆಯ ಮಾಡು ಬೇಡವೇ ಬೇಡ. ಕಾದಾಗ ಸಿಡಿಯಬಲ್ಲ ಆಸ್ಬೆಸ್ಟಾಸ್ ಶೀಟೂ ಬೇಡ. ಉಕ್ಕಿನ ಚೌಕಟ್ಟಿಗೆ ಲೋಹದ ಹಾಳೆಯೋ ಹೆಂಚೋ ಸರಿ.

ಸಾಮಗ್ರಿಯ ಆಯ್ಕೆಯಲ್ಲಿ ನಮ್ಮಲ್ಲಿ ಸುಲಭವಾಗಿ ಆಗುವ ತಪ್ಪು ಗ್ರಾನೈಟಿನದು. ಮನೆ ಕಟ್ಟುವಾಗ ಉಳಿದ ಗ್ರಾನೈಟ್ ಹಲಗೆ ಚಂದ, ಗಟ್ಟಿ, ಪುಕ್ಕಟೆ. ಆದರೆ ಅದರೊಳಗಿನ ಕ್ವಾರ್ಟ್ಸ್ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಟ್ಟನೆ ರೂಪ ಬದಲಿಸಿ ಹಿಗ್ಗುತ್ತದೆ. ಕೆಂಡ ನೇರವಾಗಿ ಕೂರುವ ನೆಲ ಆ ಶಾಖ ಮುಟ್ಟಬಲ್ಲದು, ಮುಟ್ಟಿದರೆ ಕಲ್ಲು ಪದರಪದರವಾಗಿ ಸಿಡಿಯುತ್ತದೆ. ಹೊರಗಿನ ಕಟ್ಟೆಗೆ ಗ್ರಾನೈಟ್ ಇರಲಿ, ಒಳನೆಲಕ್ಕೆ ಮತ್ತು ಗುಮ್ಮಟಕ್ಕೆ ಬೆಂಕಿ ಇಟ್ಟಿಗೆಯೇ ಬೇಕು. ಮಾರುಕಟ್ಟೆಯಲ್ಲಿ ಐಎಸ್ 6, ಐಎಸ್ 8 ದರ್ಜೆಯವು ಸಿಗುತ್ತವೆ. ನೇಪಲ್ಸ್ ಶೈಲಿಯ ಪಿಜ್ಜಾ ಬೇಯುವುದು 430ರಿಂದ 480 ಡಿಗ್ರಿಯಲ್ಲಿ, ಒಂದು ಒಂದೂವರೆ ನಿಮಿಷದಲ್ಲಿ. ಬ್ರೆಡ್ಡಿಗೆ ಅದರ ಅರ್ಧ ಶಾಖ ಸಾಕು. ಈ ಮಟ್ಟದ ಮನೆ ಬಳಕೆಗೆ ಸಾಧಾರಣ ಶಾಖ ದರ್ಜೆಯ ಐಎಸ್ 6 ಇಟ್ಟಿಗೆ ಸಾಕಾಗುತ್ತದೆ. ಗುಮ್ಮಟದ ಸಂದುಗಳಿಗೆ ಮಾಮೂಲಿ ಸಿಮೆಂಟ್ ಗಾರೆ ಬಳಸಿದರೆ ಅದರೊಳಗೆ ಬಂಧಿತವಾದ ನೀರು 400 ಡಿಗ್ರಿ ದಾಟಿದಂತೆ ಹೊರಟು ಗಾರೆ ಪುಡಿಯಾಗುತ್ತದೆ, ಶಾಖ ತಡೆಯುವ ಗಾರೆಯನ್ನೇ ಕೇಳಿ ತನ್ನಿ. ಕಟ್ಟಿದ ಮೇಲೆ ಒಂದು ವಾರವಾದರೂ ಒಣಗಲು ಬಿಟ್ಟು, ಮತ್ತೊಂದು ವಾರ ಚಿಕ್ಕ ಚಿಕ್ಕ ಉರಿಯಿಂದ ದಿನಕ್ಕೆ 50 ಡಿಗ್ರಿಯಂತೆ ಶಾಖ ಏರಿಸಬೇಕು. ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರುವರಿಯೊಳಗೆ ಕಟ್ಟುವುದು ಸೂಕ್ತ ಎನ್ನುವುದು ಇದಕ್ಕೇ. ಹಾಗಾದರೆ ಅರ್ಜಿ ಕೊಡಲು ಮಳೆಗಾಲವೇ ಸರಿಯಾದ ಕಾಲ.

ಅರ್ಜಿಯಲ್ಲಿ ಏನಿರಬೇಕು

ಪರವಾನಗಿ ಪಡೆದ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯಿಂದ ಒಂದು ನಿವೇಶನ ನಕ್ಷೆ ಬರೆಸಿ. ಅದರಲ್ಲಿ ನಾಲ್ಕೂ ಗಡಿ, ಮನೆಯ ಗೋಡೆ, ಮಂಜೂರಾದ ಸೆಟ್‌ಬ್ಯಾಕ್ ಗೆರೆ, ಪಕ್ಕದ ಮನೆಗಳ ಕಿಟಕಿಗಳು, ಮೇಲಿನ ತಂತಿ, ಕೆಳಗಿನ ಸಂಪು, ಗುಂಡಿ, ಕೊಳವೆಗಳು ಇರಬೇಕು. ಓವನ್ನಿನಿಂದ ಇವುಗಳಿಗಿರುವ ಅಂತರ ಮೀಟರುಗಳಲ್ಲಿ ಬರೆದಿರಬೇಕು. ಸೌದೆಯ ರಾಶಿ, ಗ್ಯಾಸ್ ಸಿಲಿಂಡರ್, ವಾಹನ, ಮರದ ಮಾಡು ಇವು ಮೂರು ಮೀಟರ್ ದೂರ ಇರುವಂತೆ ನೋಡಿಕೊಳ್ಳಿ. ಜೊತೆಗೆ ಓವನ್ನಿನ ಒಂದು ಅಡ್ಡಸೀಳು ಚಿತ್ರ, ತಳಪಾಯದ ವಿವರ, ಒಟ್ಟು ಭಾರ, ಚಿಮಣಿಯ ವ್ಯಾಸ ಮತ್ತು ಎತ್ತರ ಇರಲಿ. ಅರ್ಜಿಯಲ್ಲಿ ಎರಡು ಪ್ರಶ್ನೆ ಸ್ಪಷ್ಟವಾಗಿರಬೇಕು: ಈ ರಚನೆಗೆ ಪರವಾನಗಿ ಬೇಕೇ, ಬೇಕಿದ್ದರೆ ಮಂಜೂರಾದ ನಕ್ಷೆಗೆ ತಿದ್ದುಪಡಿ ಮಾಡಿಸಬೇಕೇ? ಹಳ್ಳಿಯಲ್ಲಾದರೆ ಇದನ್ನೇ ಪಂಚಾಯಿತಿಯ ಪಿಡಿಒಗೆ ಕೊಡಬೇಕು. ಕೃಷಿ ಜಮೀನಿನಲ್ಲಿ ತೋಟದ ಮನೆ ಇದ್ದವರು ಆ ಮನೆಯೇ ಕ್ರಮಬದ್ಧವಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅಕ್ಕಪಕ್ಕದವರ ಒಪ್ಪಿಗೆ ಕಾನೂನು ಕೇಳದಿದ್ದರೂ ನಕ್ಷೆಯ ಒಂದು ಪ್ರತಿ ಅವರಿಗೆ ತೋರಿಸಿ. ಅವರ ಮನೆಯಲ್ಲಿ ಉಬ್ಬಸದ ರೋಗಿಯೋ ಹಸುಗೂಸೋ ಇರುವುದು ನಕ್ಷೆಯಲ್ಲಿ ಕಾಣುವುದಿಲ್ಲ, ಮಾತಿನಲ್ಲಿ ಮಾತ್ರ ತಿಳಿಯುತ್ತದೆ.

ಓವನ್ನಿನಿಂದ ಬಂದದ್ದನ್ನು ಮಾರುವ ಯೋಚನೆ ಇದ್ದರೆ ಲೆಕ್ಕವೇ ಬೇರೆ. ವಸತಿ ವಲಯದ ಮನೆಬಳಕೆಗೆ ಪಡೆದ ಒಪ್ಪಿಗೆ ವ್ಯಾಪಾರಕ್ಕೆ ಸಲ್ಲುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಸಣ್ಣ ತಯಾರಕರಿಗೂ ನೋಂದಣಿ ಬೇಕು, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬೇರೆ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಓವನ್ ತೆರೆಯುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು. ಬಳಕೆಯ ಶಿಸ್ತೂ ಯೋಜನೆಯ ಭಾಗವೇ. ಹೊತ್ತಿಸಿದಾಗ ಪಕ್ಕದಲ್ಲೊಂದು ನೀರಿನ ಕೊಳವೆ ಮತ್ತು ಮರಳಿನ ಬಕೆಟ್ ಇರಬೇಕು. ಬೂದಿಯೊಳಗಿನ ಕೆಂಡ ಮರುದಿನವೂ ಜೀವಂತವಾಗಿರಬಹುದಾದ್ದರಿಂದ ಅದನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿ ತಣಿಸಿಯೇ ಗಿಡಗಳಿಗೆ ಹಾಕಬೇಕು.

ಇಷ್ಟೆಲ್ಲ ಅಳೆದ ಮೇಲೆ ಕೆಲವರಿಗೆ ಸಿಗುವ ಉತ್ತರ ಬೇಡ ಎಂಬುದೇ ಆಗಿರುತ್ತದೆ. ಸೆಟ್‌ಬ್ಯಾಕ್ ದಾಟದೆ ಜಾಗ ಸಿಗದಿದ್ದರೆ, ಚಿಮಣಿಯನ್ನು ಪಕ್ಕದ ಕಿಟಕಿಗಿಂತ ಮೇಲೇರಿಸಲು ಆಗದಿದ್ದರೆ, ತಾರಸಿ ಹೊರಲಾರದು ಎಂದು ಎಂಜಿನಿಯರ್ ಹೇಳಿದರೆ ಸ್ಥಿರ ಓವನ್ನಿನ ಆಸೆ ಬಿಡುವುದೇ ಸರಿ. ಆಗಲೂ ದಾರಿಗಳಿವೆ: ಬೇಕಾದಾಗ ಹೊರಗಿಟ್ಟು ಕೆಲಸ ಮುಗಿದ ಮೇಲೆ ಒಳಗಿಡುವ ಚಿಕ್ಕ ಉಕ್ಕಿನ ಓವನ್, ಗ್ಯಾಸ್ ಅಥವಾ ವಿದ್ಯುತ್ತಿನದು, ಇಲ್ಲವೇ ಬಡಾವಣೆಯ ಸಾಮೂಹಿಕ ಜಾಗದಲ್ಲಿ ಸಂಘದ ಒಪ್ಪಿಗೆಯಿಂದ ಎಲ್ಲರಿಗಾಗಿ ಒಂದು. ಉತ್ತರ ಹೌದು ಎಂದಾದವರಿಗೆ ಅದೇ ನಕ್ಷೆ ಮೇಸ್ತ್ರಿಯ ಕೈಪಿಡಿಯಾಗುತ್ತದೆ, ತಕರಾರು ಬಂದರೆ ಸಾಕ್ಷಿಯಾಗುತ್ತದೆ, ಮನೆ ಕೈಬದಲಾದಾಗ ದಾಖಲೆಯಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಅದರ ಖರ್ಚು ಕೆಲವು ವಾರಗಳು ಮತ್ತು ಎಂಜಿನಿಯರಿನ ಶುಲ್ಕ ಮಾತ್ರ. ಬೇಡ ಎಂಬ ಉತ್ತರ ಗುಮ್ಮಟ ಎದ್ದ ಮೇಲೆ ಸಿಕ್ಕಿದರೆ ಕಟ್ಟಿದ ಖರ್ಚಿನ ಜೊತೆಗೆ ಒಡೆಸುವ ಖರ್ಚೂ ಸೇರುತ್ತದೆ.